ಅಂಗಡಿ ಹುಡುಗ ಹೇಳಿದ್ದು ಧಣಿಗೆ ಕೇಳಿಸಿತೇ?

ಮಂಗಳೂರಿರಲಿ, ಉಡುಪಿಯಿರಲಿ, ಪೇಟೆಬೀದಿಯ ಯಾವುದೇ ಅಂಗಡಿಯ ಬಾಗಿಲಲ್ಲಿ ಕಾಲು ಗಂಟೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಇಲ್ಲ." ಕೇಳಿದ ಅಳತೆಯ ಬೋಲ್ಟು ಇಲ್ಲ. ಕೇಳಿದ ಬಣ್ಣದ ನೂಲು ಇಲ್ಲ. ಕಾಲು ಕಿಲೋದ ಪ್ಯಾಕೆಟ್ಟು ಇಲ್ಲ, ಬೇಕಾದರೆ ಒಂದು ಕಿಲೋದ್ದು ಉಂಟು. ಗಿರಾಕಿ ಸುಮ್ಮನೆ ಎದುರು ಸಾಲಿಗೆ ದಾಟುತ್ತಾನೆ. ಮಾರಿದ್ದಕ್ಕೆ ಬಿಲ್ಲು ಉಂಟು, ಕಡ ಕೊಟ್ಟದ್ದಕ್ಕೆ ಪುಸ್ತಕ ಉಂಟು. ಹೀಗೆ ಕೈತಪ್ಪಿ ಹೋದ ವ್ಯಾಪಾರಕ್ಕೆ ಮಾತ್ರ ಲೆಕ್ಕ ಇಟ್ಟವರಿಲ್ಲ. ಆ ಲೆಕ್ಕ ಇರುವುದು ಒಬ್ಬನ ತಲೆಯಲ್ಲಿ - ಕೌಂಟರಿನಲ್ಲಿ ನಿಂತ ಹುಡುಗನ ತಲೆಯಲ್ಲಿ. ಅವನನ್ನು ಕೇಳುವವರು ಯಾರು?

ಇದು ಅಂಗಡಿಯ ಮಾತು ಮಾತ್ರವಲ್ಲ. ಯಾವ ಸ್ಟಾಪಿನಲ್ಲಿ ಜನ ಕಾದು ಕಾದು ಬೇಸತ್ತು ರಿಕ್ಷಾ ಹಿಡಿಯುತ್ತಾರೆಂಬುದು ಬಸ್ಸಿನ ಕಂಡಕ್ಟರನಿಗೆ ಗೊತ್ತು; ಮಾಲೀಕರಿಗೆ ಗೊತ್ತಿರುವುದು ರಾತ್ರಿಯ ಕಲೆಕ್ಷನ್ ಮಾತ್ರ. ಯಾವ ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆಂಬುದು ಹೊಟೇಲಿನಲ್ಲಿ ಟೇಬಲ್ ಒರೆಸುವವನಿಗೆ ಗೊತ್ತು. ಗಲ್ಲಾದಲ್ಲಿ ಕೂತವರಿಗೆ ಗೊತ್ತಿಲ್ಲ. ವರ್ಕ್‌ಶಾಪಿನಲ್ಲಿ ಯಾವ ಮೆಶಿನ್ ದಿನಕ್ಕೆ ಎಷ್ಟು ಸಲ ನಿಲ್ಲುತ್ತದೆಂಬುದು ಹೆಲ್ಪರನಿಗೆ ಗೊತ್ತು. ಧಣಿಗಳಿಗೆ ತಿಳಿಯುವುದು ಆರ್ಡರು ತಡವಾಗಿ, ಪಾರ್ಟಿಯವರು ಫೋನಿನಲ್ಲಿ ಬೈದ ಮೇಲೆ.

ಇತ್ತೀಚೆಗೆ ಸಭೆ ಸಮಾರಂಭಗಳಲ್ಲಿ "ಇನ್ನೋವೇಶನ್" ಎಂಬ ಶಬ್ದ ಮೈಕಿನಿಂದ ಧಾರಾಳ ಉದುರುತ್ತದೆ. ಕೇಳಿದವರಿಗೆ ಬಿಳಿ ಕೋಟಿನ ವಿಜ್ಞಾನಿ, ಗಾಜಿನ ಕಟ್ಟಡ, ಕೋಟಿಗಟ್ಟಲೆ ರೂಪಾಯಿ ಕಣ್ಣ ಮುಂದೆ ಬರುತ್ತದೆ. ಎರಡು ಲೇತ್ ಇಟ್ಟುಕೊಂಡವರು, ಬೇಕರಿಯವರು, ಜವಳಿ ಅಂಗಡಿಯವರು "ಅದೆಲ್ಲ ದೊಡ್ಡವರಿಗೆ, ನಮಗೆಂತಕ್ಕೆ ಮಾರಾಯ್ರೇ" ಎಂದು ಕೈ ಕೊಡವಿಬಿಡುತ್ತಾರೆ. ಈ ಕರಾವಳಿಯ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಇಲ್ಲಿ ಹೊಸತು ಹುಟ್ಟಿದ್ದು ಅಡಚಣೆಯ ಹೊಟ್ಟೆಯಲ್ಲಿ. ಅದು ಬದುಕಿ ಉಳಿದದ್ದು, ಅಡಚಣೆಯನ್ನು ಹತ್ತಿರದಿಂದ ಕಂಡವನ ಮಾತಿಗೆ ಬೆಲೆ ಸಿಕ್ಕಲ್ಲಿ.

ಎರಡಾಣೆಯ ಉಪಾಯ

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಬೇಂಕು ಕಟ್ಟಿದರು. ಒಬ್ಬರು ವ್ಯಾಪಾರಿ ಉಪೇಂದ್ರ ಅನಂತ ಪೈ, ಇನ್ನೊಬ್ಬರು ಎಂಜಿನಿಯರ್ ವಾಮನ ಕುಡ್ವ, ಮತ್ತೊಬ್ಬರು ಡಾಕ್ಟರ್ ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಹೆಸರು ಕೆನರಾ ಇಂಡಸ್ಟ್ರಿಯಲ್ ಎಂಡ್ ಬೇಂಕಿಂಗ್ ಸಿಂಡಿಕೇಟ್. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲವದು; ಅವರಿಗೆ ಸಾಲದ ಆಸರೆ ಕೊಡುವುದು ಮೂಲ ಉದ್ದೇಶ. ಸಾಲ ಕೊಡಲು ಠೇವಣಿ ಬೇಕಲ್ಲ? ಠೇವಣಿ ಇಡುವವರು ಬೇಂಕಿಗೆ ಬರಬೇಕಲ್ಲ?

ಸಣ್ಣವರು ಬರುವುದಾದರೂ ಹೇಗೆ? ಬೇಂಕು ತೆರೆದಿರುವ ಹೊತ್ತಿಗೇ ಅಂಗಡಿಯೂ ತೆರೆದಿರುತ್ತದೆ, ಮಗ್ಗವೂ ಓಡುತ್ತಿರುತ್ತದೆ. ದಿನಕ್ಕೆ ಉಳಿಯುವುದು ನಾಲ್ಕು ಕಾಸು. ಅಷ್ಟನ್ನೇ ಹಿಡಿದುಕೊಂಡು ಬೇಂಕಿನ ಮೆಟ್ಟಿಲು ಹತ್ತಲು ನಾಚಿಕೆ. ನಾಳೆ ಸೇರಿಸಿ ಕೊಟ್ಟರಾಯಿತು ಎಂದರೆ ಸಂಜೆಯೊಳಗೆ ಆ ಕಾಸೂ ಕರಗಿರುತ್ತದೆ.

1928ರಲ್ಲಿ ಬೇಂಕು ಮಾಡಿದ್ದು ಇಷ್ಟೆ: ಗಿರಾಕಿ ಬರಲಾರನೆಂದರೆ ತಾನೇ ಅವನಲ್ಲಿಗೆ ಹೊರಟಿತು. ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಏಜೆಂಟರು ಬಂದು, 2 ಆಣೆಯನ್ನೂ ಸಣ್ಣದೆನ್ನದೆ ಪಡೆದು, ಪುಸ್ತಕದಲ್ಲಿ ಬರೆದು ಹೋಗುವ ಕ್ರಮ. ಅದೇ ಪಿಗ್ಮಿ. 2 ಆಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ಹೊಸ ಯಂತ್ರವಿಲ್ಲ, ವಿಲಾಯತಿಯ ತಜ್ಞರಿಲ್ಲ. ಕೌಂಟರಿನ ಒಳಗೆ ಕೂತವರು ಎದ್ದು ಕೌಂಟರಿನ ಹೊರಗೆ ಬಂದು ನೋಡಿದ್ದೇ ಹೊಸತು.

ಆ ಬೇಂಕು ಮುಂದೆ ಸಿಂಡಿಕೇಟ್ ಬೇಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬೇಂಕಿನಲ್ಲಿ ವಿಲೀನವಾಯಿತು. ಬೋರ್ಡು ಇಳಿಯಿತು, ಪಿಗ್ಮಿ ಎಂಬ ಶಬ್ದ ಇಳಿಯಲಿಲ್ಲ. ಸೊಸೈಟಿಗಳ ಪಿಗ್ಮಿಯವರು ಇವತ್ತಿಗೂ ಸಂಜೆ ಹೊತ್ತಿಗೆ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಈಗ ಕೈಯಲ್ಲಿ ಪುಟ್ಟ ಮೆಶಿನ್ ಇದೆ, ಚೀಟಿ ಅದರಿಂದಲೇ ಬರುತ್ತದೆ. ಉಪಾಯ ಮಾತ್ರ ಅದೇ ಹಳೆಯದು.

ಅಕ್ಕಿ ಇಲ್ಲದಾಗ ಬಂದ ಇಡ್ಲಿ

ಇನ್ನೊಂದು ಕಥೆ ಘಟ್ಟದ ಮೇಲೆ ನಡೆದದ್ದು. ಅದರ ಬೇರು ಮಾತ್ರ ಇಲ್ಲಿಯದು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸಣ್ಣದೊಂದು ಹೊಟೇಲು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಜನರ ಬಾಯಲ್ಲಿ ಎಂಟಿಆರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಇಡ್ಲಿ ಇಲ್ಲದ ಹೊಟೇಲಿಗೆ ಬೆಳಗ್ಗೆ ಯಾರು ಬರುತ್ತಾರೆ? ಅಡುಗೆಮನೆಯಲ್ಲಿ ರವೆಯ ಮೇಲೆ ಪ್ರಯೋಗ ನಡೆದು ರವೆ ಇಡ್ಲಿ ಹುಟ್ಟಿತೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಅಕ್ಕಿ ಮರಳಿ ಬಂದ ಮೇಲೂ ರವೆ ಇಡ್ಲಿ ಹೋಗಲಿಲ್ಲ. ಈಗ ಅದಿಲ್ಲದ ಹೊಟೇಲು ಹುಡುಕಬೇಕು.

ಎರಡನೇ ಪೆಟ್ಟು ಬಿದ್ದದ್ದು 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ. ಹೊಟೇಲು ತಿಂಡಿಗಳಿಗೆ ಸರಕಾರ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ಕೊಟ್ಟರೆ ನಷ್ಟ, ಗುಣ ಇಳಿಸಿದರೆ ಹೆಸರು ಹಾಳು. ಹೊಟೇಲನ್ನು ಮುಚ್ಚಬೇಕಾಯಿತು. ಆಳುಗಳನ್ನು ಮನೆಗೆ ಕಳುಹಿಸುವ ಬದಲು, ಹೊಟೇಲಿನವರು ಅದೇ ರುಚಿಯ ಹುಡಿಗಳನ್ನೂ ತಿಂಡಿಯ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. 1980ರ ದಶಕದಲ್ಲಿ ಹೊಟೇಲು ಮತ್ತೆ ತೆರೆಯಿತು. ಅಷ್ಟರಲ್ಲಿ ಪೊಟ್ಟಣದ ವ್ಯಾಪಾರ ತನ್ನದೇ ಕಾಲ ಮೇಲೆ ನಿಂತಿತ್ತು. 2007ರಲ್ಲಿ ಆ ಪೊಟ್ಟಣದ ಕಂಪೆನಿಯನ್ನು ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೊಟೇಲು ಮನೆತನದವರ ಕೈಯಲ್ಲೇ ಉಳಿಯಿತು.

ಯುದ್ಧಕಾಲದ ಇನ್ನೊಂದು ನೆನಪು ಬಸ್ಸಿನವರದ್ದು. ಪೆಟ್ರೋಲು ಸಿಗದಾಗ ದೇಶದ ಅನೇಕ ಕಡೆ ಬಸ್ಸಿನ ಬೆನ್ನಿಗೆ ಡ್ರಮ್ಮಿನಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಹೊಗೆ ಉಂಟು, ಮಸಿ ಉಂಟು, ಏರಿನಲ್ಲಿ ಏದುಸಿರು ಉಂಟು. ಆದರೂ ಜನ ಊರು ಮುಟ್ಟಿದರು.

ಇಂದಿನ ಅಡಚಣೆ ಬೇರೆ, ದಾರಿ ಅದೇ. ಅಡಿಕೆ ಮರ ಹತ್ತುವವರು ಸಿಗುವುದಿಲ್ಲ ಎಂಬುದು ತೋಟದವರ ನಿತ್ಯದ ಗೋಳು. ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕರೊಬ್ಬರು ಪೆಟ್ರೋಲಿನಲ್ಲಿ ಓಡುವ, ಸವಾರನನ್ನು ಕೂರಿಸಿಕೊಂಡು ಮರ ಹತ್ತುವ ಬೈಕನ್ನೇ ಮಾಡಿದರು. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಸುತ್ತಿತು. ಗೋಳು ಎಲ್ಲರದ್ದೂ ಆಗಿತ್ತು. ಕೈಗೆ ಸ್ಪ್ಯಾನರ್ ತೆಗೆದುಕೊಂಡವರು ಅವರು.

ಕಾರು ಕಂಪೆನಿ ದಿನಸಿ ಅಂಗಡಿಯಿಂದ ಕಲಿತದ್ದು

ಅಂಗಡಿಯವರು ದೊಡ್ಡ ಕಂಪೆನಿಗಳಿಂದ ಕಲಿಯಬೇಕು ಎಂಬುದು ಸಾಮಾನ್ಯ ಉಪದೇಶ. ಜಪಾನಿನ ಟೊಯೋಟಾ ಕಂಪೆನಿಯ ವಿಷಯದಲ್ಲಿ ಅದು ತಿರುಗುಮುರುಗಾಗಿದೆ. 1956ರಲ್ಲಿ ಆ ಕಂಪೆನಿಯ ತಾಯಿಚಿ ಓನೋ ಎಂಬ ಎಂಜಿನಿಯರು ಅಮೇರಿಕಕ್ಕೆ ಹೋದಾಗ ಅವರ ಮನಸ್ಸು ಹಿಡಿದದ್ದು ಅಲ್ಲಿನ ದಿನಸಿಯ ಸೂಪರ್ ಮಾರ್ಕೆಟ್. ಗಿರಾಕಿ ಕಪಾಟಿನಿಂದ ಬೇಕಾದ್ದನ್ನು ಬೇಕಾದಷ್ಟು ತೆಗೆಯುತ್ತಾನೆ. ಖಾಲಿಯಾದಷ್ಟನ್ನೇ ಅಂಗಡಿಯವರು ತುಂಬುತ್ತಾರೆ. ಕಾರ್ಖಾನೆಯಲ್ಲೂ ಹಾಗೇ ಏಕಾಗಬಾರದು? ಮುಂದಿನ ಕೆಲಸದವನು ತೆಗೆದುಕೊಂಡಷ್ಟನ್ನೇ ಹಿಂದಿನ ಕೆಲಸದವನು ಮಾಡಲಿ, ಅದಕ್ಕೊಂದು ಚೀಟಿ ಇರಲಿ. ಈ ಚೀಟಿಯ ಪದ್ಧತಿಗೆ "ಕಾನ್‌ಬಾನ್" ಎಂದು ಹೆಸರು. ಗೋದಾಮಿನಲ್ಲಿ ಕೊಳೆಯುವ ಮಾಲು ಕಡಿಮೆಯಾಯಿತು, ಹಣ ಕಟ್ಟಿಬೀಳುವುದು ತಪ್ಪಿತು.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 1950ರಲ್ಲಿ ಅದೇ ಕಂಪೆನಿ ದಿವಾಳಿಯ ಅಂಚಿಗೆ ಬಂದಿತ್ತು. ಮುಷ್ಕರ ನಡೆದು ಅಧ್ಯಕ್ಷರೇ ರಾಜೀನಾಮೆ ಕೊಟ್ಟಿದ್ದರು. ಮರುವರ್ಷ, 1951ರಲ್ಲಿ, ಕೆಲಸದವರಿಂದ ಸಲಹೆ ಪಡೆಯುವ ಪದ್ಧತಿ ಶುರುವಾಯಿತು. ಸ್ಕ್ರೂ ತಿರುಗಿಸುವವನೂ ಬರೆದುಕೊಡಬಹುದು. ತಪ್ಪು ಕಂಡರೆ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸುವ ಅಧಿಕಾರವೂ ಮುಂದೆ ಅವನಿಗೆ ಬಂತು. ಕಂಪೆನಿ ಮುಳುಗಲಿಲ್ಲ. ಈಗ ಬಿಡದಿಯಲ್ಲೂ ಅದರ ಕಾರು ತಯಾರಾಗುತ್ತದೆ.

ನಮ್ಮ ಪೇಟೆಗಳಲ್ಲಿ ಹಗ್ಗ ಎಳೆಯುವುದು ಹಾಗಿರಲಿ, ಬಾಯಿ ತೆರೆದರೆ ಏನಾಗುತ್ತದೆ? "ನೀನು ಹೇಳಿದ ಕೆಲಸ ಮಾಡು, ಹೆಚ್ಚು ಮಾತಾಡ್ಬೇಡ." ಒಂದು ಸಲ ಈ ಮಾತು ಕೇಳಿಸಿಕೊಂಡ ಹುಡುಗ ಎರಡನೇ ಸಲ ಹೇಳುವುದಿಲ್ಲ. ಆಮೇಲೆ ಗೋಣಿಚೀಲಕ್ಕೆ ಇಲಿ ಬಿದ್ದರೂ ಅವನು ಕಂಡೂ ಕಾಣದಂತಿರುತ್ತಾನೆ. ತಪ್ಪು ಅವನದ್ದೇ?

ಹಂಚಿನ ಪಾಠ

ಹೊಸತನ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ನೇತ್ರಾವತಿಯ ದಡಕ್ಕೆ ಹೋಗಬೇಕು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕುಂಬಾರರ ಕೈಹಂಚಿಗೆ ಬದಲು ಒಂದಕ್ಕೊಂದು ಕೊಂಡಿಯಾಗಿ ಕೂರುವ ಚಪ್ಪಟೆ ಹಂಚು. ಮಳೆಗೆ ಸೋರುವುದಿಲ್ಲ, ಗಾಳಿಗೆ ಜಾರುವುದಿಲ್ಲ, ಮಾಡಿಗೆ ಭಾರವೂ ಕಡಿಮೆ. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಹೊಸತನ ಬೇಡ. "ಮಂಗಳೂರು ಹಂಚು" ಎಂಬ ಹೆಸರು ಕಡಲು ದಾಟಿತು. ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು.

ಕಾಲ ಬದಲಾಯಿತು. ಜನ ಕಾಂಕ್ರೀಟಿನ ತಾರಸಿ ಬೇಕೆಂದರು. ಆವೆಮಣ್ಣು ದುಬಾರಿ, ಸೌದೆ ದುಬಾರಿ. ಕೆಲವರು ನೆಲದ ಹಂಚು, ಅಲಂಕಾರದ ಹಂಚಿನ ಕಡೆ ಹೊರಳಿದರು. ಬಹಳಷ್ಟು ಚಿಮಿಣಿಗಳು ತಣ್ಣಗಾದವು. ಮಣ್ಣು ಸಿಗದ್ದಕ್ಕೆ, ಸೌದೆ ದುಬಾರಿಯಾದದ್ದಕ್ಕೆ ಯಾವ ಮಾಲೀಕರನ್ನೂ ದೂರುವಂತಿಲ್ಲ. ಆದರೆ ಒಂದು ಮಾತು ನಿಜ: ಅಜ್ಜ ಮಾಡಿದ ಹೊಸತನ್ನು ಮೊಮ್ಮಗ ಹಾಗೆಯೇ ಮಾಡಿದರೆ ಅದು ಹೊಸತಲ್ಲ, ಹಳತು. "ನಮ್ಮ ಮಾಲು ಹೆಸರುವಾಸಿ, ಯಾರು ಎಂತ ಮಾಡ್ಲಿಕ್ಕೂ ಆಗ್ಲಿಕ್ಕಿಲ್ಲ" ಎಂಬ ಧೈರ್ಯವೇ ಕೆಲವೊಮ್ಮೆ ದೊಡ್ಡ ಅಪಾಯ.

ಮೊಬೈಲಿನಲ್ಲಿ ಹಣ ಕೊಡುವ ಯುಪಿಐ ಬಂದದ್ದು 2016ರಲ್ಲಿ. ಆಗ "ಅದರ ಗೊಡವೆ ನಮಗೆ ಬೇಡ" ಎಂದ ಅಂಗಡಿಗಳೆಷ್ಟೋ. ಫುಟ್‌ಪಾತಿನಲ್ಲಿ ಬುಟ್ಟಿ ಇಟ್ಟು ಕೂತ ಮಲ್ಲಿಗೆ ಹೂವಿನವರ ಬಳಿ ಇಂದು ಆ ಚೌಕದ ಚೀಟಿ ತೂಗುತ್ತಿದೆ. ಅವರಿಗೆ ಅದನ್ನು ಹೇಳಿಕೊಟ್ಟದ್ದು ಯಾವ ಮ್ಯಾನೇಜ್‌ಮೆಂಟ್ ಗುರುವೂ ಅಲ್ಲ. ಚಿಲ್ಲರೆ ಇಲ್ಲವೆಂದು ಗಿರಾಕಿ ಮುಂದೆ ಹೋದದ್ದನ್ನು ಕಣ್ಣಾರೆ ಕಂಡಿದ್ದರು, ಅಷ್ಟೆ.

"ಕಲಿಸಿದರೆ ಹುಡುಗ ಹೋಗ್ತಾನೆ"

ಇಷ್ಟೆಲ್ಲ ಹೇಳಿದರೆ ಗಲ್ಲಾದಿಂದ ಬರುವ ಉತ್ತರ ಒಂದೇ: "ನೀವು ಹೇಳುವುದು ಸರಿ. ಆದರೆ ಹುಡುಗನಿಗೆ ತಲೆ ಬಲಿತರೆ ನಾಳೆ ಪಕ್ಕದಲ್ಲೇ ಅಂಗಡಿ ಹಾಕ್ತಾನೆ. ಆಮೇಲೆ?"

ಭಯ ಸುಳ್ಳಲ್ಲ. ಉಡುಪಿ ಹೊಟೇಲುಗಳ ಇಡೀ ಚರಿತ್ರೆಯೇ ಹಾಗೆ ಬೆಳೆದದ್ದು. ಮೂಡುಬಿದಿರೆ ಬಳಿಯ ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಶುರುಮಾಡಿ, ಮದರಾಸಿಗೆ ಹೋಗಿ, ಅಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಕಾರಿನಲ್ಲೇ ಕೂತು ತಿಂಡಿ ತಿನ್ನುವ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೊಟೇಲು 1962ರಿಂದ 2008ರವರೆಗೆ ಆ ಊರಿನ ಹೆಗ್ಗುರುತಾಗಿತ್ತು. ಹಿಟ್ಟು ರುಬ್ಬುವವನ ತಲೆಯಲ್ಲಿ ಏನಿದೆ ಎಂದು ಹೇಳಲು ಯಾರಿಂದ ಸಾಧ್ಯ?

ಹಾಗಾದರೆ ಲೆಕ್ಕ ಹೀಗೆ ಹಾಕಬೇಕು. ಬುದ್ಧಿಯಿದ್ದ ಹುಡುಗ ಹೇಗೂ ಒಂದು ದಿನ ಹೋಗುತ್ತಾನೆ. ಅವನ ಮಾತು ಕೇಳಿದ ಅಂಗಡಿಯಿಂದ ತಡವಾಗಿ ಹೋಗುತ್ತಾನೆ, ನಾಲ್ಕು ಒಳ್ಳೆಯ ಉಪಾಯ ಬಿಟ್ಟು ಹೋಗುತ್ತಾನೆ. ಬಾಯಿ ಮುಚ್ಚಿಸಿದ ಅಂಗಡಿಯಿಂದ ಬೇಗ ಹೋಗುತ್ತಾನೆ, ಉಪಾಯವನ್ನೂ ಕಟ್ಟಿಕೊಂಡು ಹೋಗುತ್ತಾನೆ. ಉಳಿಯುವವನು ಹೇಳಿದ್ದಕ್ಕೆ ತಲೆಯಾಡಿಸುವವನು ಮಾತ್ರ.

ಖರ್ಚಿಲ್ಲದ ಅಭ್ಯಾಸ

ದಾರಿ ಏನು? ಮೆಡಿಕಲ್ ಷಾಪಿನವರಲ್ಲಿ ಹಳೆಯ ಕ್ರಮವೊಂದಿದೆ. ಖಾಲಿಯಾದ, ಗಿರಾಕಿ ಕೇಳಿ ಸಿಗದೆ ಹೋದ ಔಷಧಿಯನ್ನು ಅಲ್ಲೇ "ಶಾರ್ಟ್ ಬುಕ್"ನಲ್ಲಿ ಗೀಚಿಡುತ್ತಾರೆ. ಈ ಪುಸ್ತಕ ಹಾರ್ಡ್‌ವೇರಿನವರಿಗೂ ಬೇಕು, ಜವಳಿಯವರಿಗೂ ಬೇಕು. ಒಂದು ನೋಟುಬುಕ್ಕು, ದಾರ ಕಟ್ಟಿದ ಒಂದು ಪೆನ್ನು. "ಇಲ್ಲ" ಎಂದ ಪ್ರತಿಸಲ ಒಂದು ಗೆರೆ. ತಿಂಗಳ ಕೊನೆಗೆ ಪುಟ ತಿರುವಿದರೆ ಯಾವ ಮಾಲು ತರಬೇಕೆಂದು ಗಿರಾಕಿಯೇ ಹೇಳಿಟ್ಟಿರುತ್ತಾನೆ.

ಎರಡನೆಯದು, ವಾರಕ್ಕೊಮ್ಮೆ ಶಟರ್ ಎತ್ತುವ ಮೊದಲು ಹತ್ತು ನಿಮಿಷ. ಪ್ರಶ್ನೆ ಒಂದೇ: "ಈ ವಾರ ನಿಮಗೆ ಕಿರಿಕಿರಿ ಮಾಡಿದ್ದು ಎಂತದು?" ಹೊಸ ಐಡಿಯಾ ಕೊಡಿ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಕಿರಿಕಿರಿ ಹೇಳಿ ಎಂದರೆ ಎಲ್ಲರಿಗೂ ಒಂದಲ್ಲ ಒಂದು ಇರುತ್ತದೆ. ಧಣಿಗಳು ಆ ಹತ್ತು ನಿಮಿಷ ಉತ್ತರ ಕೊಡಬಾರದು, ಬರೆದುಕೊಳ್ಳಬೇಕು. ಕಷ್ಟವಿರುವುದು ಇಲ್ಲೇ.

ಮೂರನೆಯದು, ಪ್ರಯೋಗ ಸಣ್ಣದಿರಲಿ. ಇಡೀ ಅಂಗಡಿ ತಿರುಗಿಸಿ ಹಾಕುವುದು ಬೇಡ. ಒಂದು ಕಪಾಟು, ಹದಿನೈದು ದಿನ. ಬೇಕರಿಯಾದರೆ ಒಂದು ಟ್ರೇ, ಬಸ್ಸಾದರೆ ಒಂದು ಟ್ರಿಪ್ಪು. ಮೊದಲಿನ ಲೆಕ್ಕವನ್ನೂ ಆಮೇಲಿನ ಲೆಕ್ಕವನ್ನೂ ಪಕ್ಕಪಕ್ಕ ಬರೆದಿಟ್ಟರೆ ವಾದ ಬೇಕಾಗುವುದಿಲ್ಲ. ಸೋತರೆ ಹೋದದ್ದು ಒಂದು ಟ್ರೇ ಮಾತ್ರ. ಆ ಟ್ರೇಯ ಹಣ ಹುಡುಗನ ಸಂಬಳದಿಂದ ಮುರಿದರೆ ಮಾತ್ರ ಅಲ್ಲಿಗೆ ಎಲ್ಲ ಮುಗಿಯಿತು. ಮುಂದಿನ ಹತ್ತು ವರ್ಷ ಆ ಅಂಗಡಿಯಲ್ಲಿ ಹೊಸತು ಹುಟ್ಟುವುದಿಲ್ಲ.

ಹೊರಗಿನ ಬಾಗಿಲುಗಳೂ ಇವೆ, ತಟ್ಟುವವರು ಕಡಿಮೆ. ತಿಂಡಿ-ಉಪ್ಪಿನಕಾಯಿ ಕೆಡದಂತೆ ಇಡುವ ಪ್ರಶ್ನೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಇದೆ. ಯಂತ್ರದ ಪ್ರಶ್ನೆಗೆ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಸಾಲ-ಸವಲತ್ತಿನ ಮಾತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಸರಕಾರಿ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿದ್ದರೆ ಸರಿ. 2025ರ ಏಪ್ರಿಲ್‌ನಿಂದ, ಎರಡೂವರೆ ಕೋಟಿ ರೂಪಾಯಿಯೊಳಗಿನ ಯಂತ್ರೋಪಕರಣ, 10 ಕೋಟಿಯೊಳಗಿನ ವಾರ್ಷಿಕ ವಹಿವಾಟು ಇರುವವರೆಲ್ಲ "ಅತಿ ಸಣ್ಣ" ಉದ್ಯಮದ ಲೆಕ್ಕಕ್ಕೇ ಬರುತ್ತಾರೆ. ಚಿಲ್ಲರೆ ವ್ಯಾಪಾರಿಗಳಿಗೂ ಬೇಂಕಿನ ಆದ್ಯತಾ ಸಾಲದ ಮಟ್ಟಿಗೆ 2021ರಿಂದ ಅದರ ಬಾಗಿಲು ತೆರೆದಿದೆ.

ಪಾಲು ಯಾರಿಗೆ?

ಕೊನೆಯ ಮಾತು ಕಹಿ, ಆದರೆ ಹೇಳದೆ ವಿಧಿಯಿಲ್ಲ. ಪಿಗ್ಮಿ ಎಂಬ ಹೊಸತನವನ್ನು ಹೊತ್ತು ತಿರುಗಿದ್ದು ಬಿಸಿಲಲ್ಲಿ ಬೀದಿ ಅಲೆದ ಸಂಗ್ರಾಹಕರ ಕಾಲುಗಳು. ತಾವು ಬರೇ ಕಮಿಷನ್ ಏಜೆಂಟರಲ್ಲ, ಕೆಲಸಗಾರರು ಎಂದು ಒಪ್ಪಿಸಿಕೊಳ್ಳಲು ಅವರು ಕೋರ್ಟು ಹತ್ತಬೇಕಾಯಿತು. ಠೇವಣಿ ಸಂಗ್ರಾಹಕರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2001ರಲ್ಲಿ. ಪಿಗ್ಮಿ ಹುಟ್ಟಿ ಆಗ 73 ವರ್ಷ ಸಂದಿತ್ತು.

ಸಣ್ಣ ಅಂಗಡಿಯಲ್ಲಿ ಇದು ಇಷ್ಟು ತಡವಾಗಬೇಕಿಲ್ಲ. ಹುಡುಗನ ಉಪಾಯದಿಂದ ತಿಂಗಳಿಗೆ ಸಾವಿರ ರೂಪಾಯಿ ಉಳಿಯಿತೆಂದರೆ ಅದರಲ್ಲಿ ಅವನ ಕೈಗೂ ಏನಾದರೂ ಬರಲಿ. ಗಿರಾಕಿಯ ಎದುರೇ "ಇದು ಇವನ ಐಡಿಯಾ ಮಾರಾಯ್ರೇ" ಎಂದು ಹೆಸರು ಹೇಳಲಿ. ಮಾತಿಗೆ ಬೆಲೆಯುಂಟೆಂದು ಒಬ್ಬನಿಗೆ ಗೊತ್ತಾದರೆ ಉಳಿದ ನಾಲ್ವರ ಬಾಯಿ ತಾನಾಗಿ ತೆರೆಯುತ್ತದೆ. ಸಂಸ್ಕೃತಿ ಎಂಬ ದೊಡ್ಡ ಶಬ್ದಕ್ಕೆ ಪೇಟೆಯಲ್ಲಿ ಇರುವ ಅರ್ಥ ಇಷ್ಟೆ.

ನೋಟುಬುಕ್ಕಿಗೆ ನಲ್ವತ್ತು ರೂಪಾಯಿ ಹಿಡಿಯಬಹುದು. ಪೆನ್ನು ಗಲ್ಲಾದಲ್ಲೇ ಉಂಟು.